ದೊರೆಯ ಮುಖಕ್ಕೆ ಕಚ್ಚು ಹಾಕಿದವಳು

ಉರ್ತವದ ಬಂದರಿನಲ್ಲಿ ಮೂಡಣ ಈಗಷ್ಟೇ ಬೂದಿ ಬಣ್ಣಕ್ಕೆ ತಿರುಗಿದೆ. ಸುಂಕದ ಕಟ್ಟೆಯ ಮಗ್ಗುಲಿಗೆ ಒಂದು ಕರಿಯ ಕಲ್ಲು, ಕಲ್ಲಿನ ಹಿಂದೆ ಮೆರಿಮವ. ಕುಕ್ಕುರುಗಾಲಲ್ಲಿ ಕೂತು ಬಾರ್ಲಿ ರೊಟ್ಟಿ ಮುರಿಯುತ್ತಿದ್ದಾಳೆ. ಮುರಿದದ್ದನ್ನು ತಕ್ಷಣ ಬಾಯಿಗಿಡುವುದಿಲ್ಲ. ಎರಡೂ ಹೋಳನ್ನು ಬೆಳಕಿಗೆ ಹಿಡಿದು ಒಳಗೆ ನೋಡುತ್ತಾಳೆ, ಮೂಸುತ್ತಾಳೆ, ಒಂದು ಚೂರು ಕಿತ್ತು ಬೆರಳಲ್ಲಿ ಹೊಸಕಿ ಹೊಟ್ಟು ಎಷ್ಟು ಬೆರೆಸಿದ್ದಾರೆಂದು ಪರೀಕ್ಷೆ ಮಾಡುತ್ತಾಳೆ. ರೊಟ್ಟಿ ಕೊಟ್ಟವಳು ಯಾರೋ ಪರದೇಶಿಯಲ್ಲ, ಸ್ವಂತ ಚಿಕ್ಕಮ್ಮನ ಮಗಳು. ಅವಳು ಪಕ್ಕದ ಒಲೆಯ ಮುಂದೆ ನಿಂತು, ದಿನಾ ಇದೇ ಆಯ್ತು ನಿಂದು, ತಿನ್ನೋದಿದ್ರೆ ತಿನ್ನು, ಇಲ್ಲಾಂದ್ರೆ ನಾಯಿಗೆ ಹಾಕು ಎಂದು ಗೊಣಗುತ್ತಾಳೆ. ಮೆರಿಮವ ಆಮೇಲೆ ತಿನ್ನುತ್ತಾಳೆ.

ರೊಟ್ಟಿ ಮುಗಿಯುವಷ್ಟರಲ್ಲಿ ಕೇಸರಿ ಮಾರುವವನೊಬ್ಬ ಗ್ರೀಕರ ಗೂಬೆ ನಾಣ್ಯ ತಂದು ಕಲ್ಲಿನ ಮೇಲಿಡುತ್ತಾನೆ. ಆಕೆ ಗೂಬೆಯ ಬದಿಯನ್ನು ಮೇಲೆ ಮಾಡಿ, ಎಡಗೈಯಲ್ಲಿ ಉಳಿ ಹಿಡಿದು, ಬಲಗೈಯ ಸುತ್ತಿಗೆಯಿಂದ ಒಂದೇ ಏಟು ಹಾಕುತ್ತಾಳೆ. ಗೂಬೆಯ ಹೊಟ್ಟೆಯಲ್ಲಿ ಬಾಯಿ ತೆರೆಯುತ್ತದೆ. ಬಗ್ಗಿ ಆ ಬಾಯೊಳಗೆ ನೋಡಿ "ಬಿಳಿ" ಎನ್ನುತ್ತಾಳೆ. ಕೇಸರಿಯವನು ನಾಣ್ಯ ಎತ್ತಿಕೊಂಡು ಹಡಗಿನ ಕಡೆ ನಡೆಯುತ್ತಾನೆ. ಒಳಗೆ ತಾಮ್ರ ಕಂಡಿದ್ದರೆ "ಕೆಂಪು" ಎನ್ನುತ್ತಿದ್ದಳು, ನಾಣ್ಯವನ್ನು ಸುಂಕದ ಬಾಗಿಲಿಗೆ ಮೊಳೆ ಹೊಡೆದು ಜಡಿಯುತ್ತಿದ್ದರು. ಕೆಲಸದ ಹೊತ್ತಿನಲ್ಲಿ ಈ ಎರಡು ಮಾತು ಬಿಟ್ಟರೆ ಮೂರನೆಯದು ಆಕೆಯ ಬಾಯಿಂದ ಬರುವುದು ಅಪರೂಪ.

ಆದರೆ ಇವತ್ತು ಆಕೆ ಏಟು ಹಾಕಿದ ಕೂಡಲೇ ಎಡಗೈಯನ್ನು ಸೆರಗಿನಡಿ ಎಳೆದುಕೊಳ್ಳುತ್ತಾಳೆ. ನಾನು ಕಂಡೆ. ಕಂಡದ್ದು ಆಕೆಗೂ ಗೊತ್ತಾಯಿತು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ನಮ್ಮ ದೊರೆ ಕೋಟೆಯಿಂದ ಇಳಿದು ಇದೇ ಕಲ್ಲಿನ ಹತ್ತಿರ ಬರುತ್ತಾರೆ. ಮೆರಿಮವಳ ಉಳಿ ಹಿಡಿಯುವ ಕೈ ಉಳಿಯಬೇಕೋ ಮುಂಗೈಯವರೆಗೆ ಹೋಗಬೇಕೋ ಎಂಬುದನ್ನು ಅವರು ಇಲ್ಲೇ ನಿಂತು ಹೇಳುತ್ತಾರೆ.

ನನ್ನ ಪರಿಚಯ ಇಲ್ಲದವರಿಗೆ: ನಾನು ಉವಂತಿಯ ಮಗ ಅಪುವಾಜ. ಸಂತೆಯ ಹಿಂದಿನ ಸಂಜೆ ಕಂಬದ ಕಟ್ಟೆಯಲ್ಲಿ ಕೂತು ಯಾರಾದರೊಬ್ಬರ ಬದುಕನ್ನು ಓದಿ ಹೇಳುವವನು. ಬಂಡೆಯಲ್ಲಿ ಗೋರಿ ಕೊರೆಸಿ ಹೆಸರು ಕೆತ್ತಿಸಿಕೊಳ್ಳುವ ಶಕ್ತಿ ಇದ್ದವರ ಬಗ್ಗೆ ನಾನು ಹೇಳುವುದಿಲ್ಲ, ಅವರ ಬಂಡೆಯೇ ಹೇಳಿಕೊಳ್ಳುತ್ತದೆ. ಉಳಿದವರ ಬಗ್ಗೆ ಹೇಳುತ್ತೇನೆ. ಹಾಗೆಂದು ಹೊಗಳುಭಟ್ಟನಲ್ಲ. ಅನುಮಾನ ನನ್ನ ಹುಟ್ಟುಗುಣ. ಮೆರಿಮವಳ ಹತ್ತಿರ ಬಂದದ್ದೂ ಅನುಮಾನದಿಂದಲೇ. ಈ ಹೆಂಗಸು ಯಾರ ಕಡೆಯವಳು ಎಂದು ಊರೆಲ್ಲ ಕೇಳುತ್ತಿತ್ತು, ನನಗೂ ಬೇಕಾಗಿತ್ತು.

ಮೊದಲ ದಿನ ಒಣ ಅಂಜೂರದ ಸರ ಹಿಡಿದು ಹೋದೆ. ಯಾರು ಕಳಿಸಿದ್ದು ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಯಾರ ಮಗ ಎಂದು ಕೇಳಿದಳು. ತಾಯಿಯ ಹೆಸರು ಹೇಳಿದೆ, ತಾಯಿಯ ತಾಯಿಯ ಹೆಸರನ್ನೂ ಹೇಳಿಸಿದಳು. ಆಮೇಲೆ ಸರದಿಂದ ಒಂದು ಅಂಜೂರ ಕಿತ್ತು, ಸೀಳಿ, ಅರ್ಧ ನನ್ನ ಕೈಗಿಟ್ಟು "ತಿನ್ನು" ಎಂದಳು. ನಾನು ನುಂಗಿ ಸ್ವಲ್ಪ ಹೊತ್ತು ಬದುಕಿದ್ದನ್ನು ನೋಡಿದ ಮೇಲೆ ಮಿಕ್ಕರ್ಧ ತಾನು ತಿಂದಳು. ನನಗೆ ಸಿಟ್ಟು ಬಂತು. ಸಂಜೆಗೆ ನಗು ಬಂತು.

ಕಲ್ಲು ಆಕೆಗೆ ತಾಯಿಯಿಂದ ಬಂದದ್ದು, ತಾಯಿಗೆ ಅವಳ ತಾಯಿಯಿಂದ. ತಾಯಿ ಸಿಕೆರ ಈ ಬಂದರಿನಲ್ಲಿ ಕಣ್ಣು ಮಂಜಾಗುವವರೆಗೆ ಕಚ್ಚು ಹಾಕಿದವಳು. ಹೊಟ್ಟೆ ಕೊಯ್ದು ನೋಡದೆ ಮೀನೂ ಕೊಳ್ಳಬೇಡ, ಗಂಡನ್ನೂ ಒಪ್ಪಬೇಡ ಎಂದು ಮಗಳಿಗೆ ಬುದ್ಧಿ ಹೇಳುತ್ತಿದ್ದಳಂತೆ. ಮಗಳು ಮೀನಿನ ಮಟ್ಟಿಗೆ ಪಾಲಿಸಿದಳು. ಜಲ ಎಂಬ ಹೆಸರಿನ ಗಂಡ ಮದುವೆಯಾಗಿ ಕೆಲವು ವರ್ಷ ಇದ್ದು, ಎಲ್ಲಿಂದ ಬಂದೆ, ಯಾರ ಜೊತೆ ಇದ್ದೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸುಸ್ತಾಗಿ ತನ್ನ ತಾಯಿಯ ಮನೆಗೆ ಹೋಗಿಬಿಟ್ಟ. ಇಬ್ಬರು ಗಂಡುಮಕ್ಕಳು, ಇಬ್ಬರೂ ಸ್ಪಂಜಿಗಾಗಿ ಸಮುದ್ರದಲ್ಲಿ ಮುಳುಗುವವರು. ಹೆಣ್ಣುಮಗಳಿಲ್ಲ. ಕಲ್ಲು ಗಂಡುಮಕ್ಕಳಿಗೆ ಹೋಗುವುದಿಲ್ಲವಾದ್ದರಿಂದ ಮೆರಿಮವಳ ನಂತರ ಅದಕ್ಕೆ ವಾರಸುದಾರರೇ ಇಲ್ಲ. ರೊಟ್ಟಿಯವಳನ್ನು ಕೇಳಿದರೆ, ನನಗೆ ಊರ ಶಾಪ ಬೇಡ, ರೊಟ್ಟಿ ಸಾಕು ಎನ್ನುತ್ತಾಳೆ.

ಶಾಪ ಎಂದದ್ದು ಸುಳ್ಳಲ್ಲ. ಮದುವೆಗೆ ಮೆರಿಮವಳನ್ನು ಕರೆಯುವವರಿಲ್ಲ. ಮದುಮಗಳ ಬಳೆಯ ಮೇಲೆ ಆಕೆಯ ಕಣ್ಣು ಬಿದ್ದರೆ ಬೀಗರು ಜಗಳಕ್ಕೆ ನಿಲ್ಲುತ್ತಾರೆ. ಕೆಲಸಕ್ಕೆ ಕೂಲಿಯಾಗಿ ಮೀನು, ಎಣ್ಣೆ, ಒಂದು ಹಿಡಿ ಕಡಲೆ ಸಿಗುತ್ತದೆ. ನಾಣ್ಯ ತೆಗೆದುಕೊಳ್ಳುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಕಚ್ಚು ಹಾಕುವವಳ ಮನೆಯಲ್ಲಿ ಬೆಳ್ಳಿ ಸಿಕ್ಕಿದರೆ ಅದು ಲಂಚವೇ ಎಂಬುದು ಹಳೆಯ ಕಟ್ಟಳೆ. ಪಡುವಣ ಗಾಳಿಯ ತಿಂಗಳುಗಳಲ್ಲಿ ದಿನಕ್ಕೆ ನೂರಾರು ನಾಣ್ಯ ಆಕೆಯ ಉಳಿಯ ಕೆಳಗೆ ಹಾದುಹೋಗುತ್ತವೆ. ಚಳಿಗಾಲದಲ್ಲಿ ಹಡಗು ಬರುವುದಿಲ್ಲ, ಆಗ ಆ ಕಲ್ಲಿನ ಮೇಲೆ ಬೆಕ್ಕು ಮಲಗಿರುತ್ತದೆ.

ಇನ್ನೊಂದು ಕಟ್ಟಳೆಯನ್ನು ಇಲ್ಲಿ ಹೇಳಲೇಬೇಕು, ಈಗಿನ ಗೋಳೆಲ್ಲ ಅದರಿಂದಲೇ ಹುಟ್ಟಿದ್ದು. ಉಳಿ ಬೀಳುವುದು ಪ್ರಾಣಿಯ ಮೇಲೆ. ಹಂದಿ, ಸಿಂಹ, ಗೂಬೆ, ಎತ್ತು ಯಾವುದಿದ್ದರೂ ಸರಿ, ಕೆಲವು ನಾಣ್ಯದಲ್ಲಿರುವ ಮೂರು ಕೊಕ್ಕೆಯ ಚಕ್ರವಾದರೂ ಸರಿ. ದೇವರ ಮುಖಕ್ಕೂ ಮನುಷ್ಯನ ಮುಖಕ್ಕೂ ಕಬ್ಬಿಣ ತಾಗಿಸುವುದಿಲ್ಲ. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ನಮ್ಮ ದೊರೆಗಳ ನಾಣ್ಯದಲ್ಲಿ ಅಜ್ಜಂದಿರ ಕಾಲದಿಂದ ಒಂದು ಬದಿಗೆ ಕಾಡುಹಂದಿ ಇತ್ತು, ಪಾಪದ ಹಂದಿ ಎಲ್ಲರ ಅನುಮಾನವನ್ನೂ ತನ್ನ ಪಕ್ಕೆಯಲ್ಲಿ ಹೊತ್ತು ತಿರುಗುತ್ತಿತ್ತು.

ಈಗಿನ ದೊರೆ ಸ್ಪರ್ದ ಪಟ್ಟಣಕ್ಕೆ ಹೋಗಿ, ಪಾರಸೀಕರ ಮಹಾರಾಜನ ಪ್ರತಿನಿಧಿಯ ಅರಮನೆಯಲ್ಲಿ ಒಂದು ಚಳಿಗಾಲ ಕಳೆದು ಬಂದರು. ಬರುವಾಗ ಪಾರಸೀಕರ ಷರಾಯಿ ಬಂತು, ಗದ್ದದ ಕೆಳಗೆ ಗಂಟು ಹಾಕುವ ಮೆತ್ತನೆಯ ಟೊಪ್ಪಿಗೆ ಬಂತು, ಹೊಸ ನಾಣ್ಯದ ಆಸೆಯೂ ಬಂತು. ಮೇಲಿನ ಟಂಕಸಾಲೆಯಲ್ಲಿ ಹೊಸ ಅಚ್ಚು ಕೆತ್ತಿಸಿದರು. ಒಂದು ಬದಿಗೆ ಶಿರಸ್ತ್ರಾಣ ತೊಟ್ಟ ಮಲಿಯಾ ದೇವಿಯ ಮುಖ. ಇನ್ನೊಂದು ಬದಿಗೆ ಟೊಪ್ಪಿಗೆ ತೊಟ್ಟ ದೊರೆಯದೇ ಮುಖ. ಬದುಕಿರುವ ಮನುಷ್ಯನ ಮುಖವೇ ನಾಣ್ಯದ ತುಂಬ ಇರುವುದನ್ನು ನಮ್ಮೂರು ಕಂಡದ್ದು ಅದೇ ಮೊದಲು. ಮೂಗು ಸ್ವಲ್ಪ ಉದಾರವಾಗಿ ಬಂದಿದೆ ಎಂದು ಹೆಂಗಸರು ನಕ್ಕರು. ಹಂದಿ ಎಲ್ಲಿ ಎಂದು ಕೇಳಿದವಳು ಮೆರಿಮವ ಒಬ್ಬಳೇ.

ಅದರ ಹಿಂದೆಯೇ ಡಂಗುರವೂ ಬಂತು. ದೊರೆಯ ಮುಖಕ್ಕೆ ಕಬ್ಬಿಣ ತಾಗಿಸಿದ ಕೈಯನ್ನು ಕತ್ತರಿಸಲಾಗುವುದು ಎಂದು. ಊರಿನ ಕಿವಿ ನೆಟ್ಟಗಾಯಿತು. ಒಂದು ಕಡೆ ದೇವಿ, ಒಂದು ಕಡೆ ದೊರೆ, ಉಳಿ ಇಡಲು ಜಾಗವೇ ಇಲ್ಲದ ನಾಣ್ಯ. ಬೇಕೆಂದೇ ಹೀಗೆ ಮಾಡಿದ್ದಾರೆ, ಒಳಗೆ ತಾಮ್ರ ತುಂಬಿದ್ದಾರೆ ಎಂದು ಸ್ಪಂಜಿನ ಅಂಗಡಿಯಲ್ಲಿ ಪಿಸುಮಾತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮುದುಕರು ತಲೆಯಾಡಿಸಿದರು. ನಾನೂ ಆಡಿಸಿದೆ. ಈಗಲೂ ಕೇಳುತ್ತೇನೆ, ಒಳ್ಳೆಯ ಬೆಳ್ಳಿಗೆ ಕಾವಲು ಯಾಕೆ?

ಕಳೆದ ಹುಣ್ಣಿಮೆಯ ಮಾರನೆಯ ದಿನ ಸಿದೋನಿನ ವ್ಯಾಪಾರಿ ಮತ್ತನ್ ಗೋಧಿಯ ಹಡಗು ತಂದು ನಿಲ್ಲಿಸಿದ. ಕೋಟೆಯ ಸೈನಿಕರಿಗೆಂದು ದೊರೆ ಹೇಳಿ ತರಿಸಿದ ಗೋಧಿ. ಕೊಡಲು ಹೊಸ ನಾಣ್ಯದ ಚೀಲ ಹೊತ್ತು ಟಂಕಸಾಲೆಯ ಪಾರುಪತ್ಯಗಾರ ಇಯಮರ ಬಂದ. ಮತ್ತನ್ ಚೀಲ ಮುಟ್ಟಲಿಲ್ಲ, ಗಡ್ಡದಿಂದ ಕಲ್ಲಿನ ಕಡೆ ತೋರಿಸಿದ. ಇಯಮರ ಡಂಗುರದ ವಿಷಯ ಹೇಳಿದ. ಮತ್ತನ್ ಹಲ್ಲು ಕಿರಿದು, ಹಾಗಾದರೆ ಗೋಧಿ ಹಡಗಿನಲ್ಲೇ ಇರಲಿ, ಅದಕ್ಕೂ ಸಮುದ್ರದ ಗಾಳಿ ಒಳ್ಳೆಯದು ಎಂದ.

ಆಗ ಬೆಳ್ಳಿ ಶುದ್ಧವೆಂದು ಇಯಮರ ಆಣೆ ಇಟ್ಟ. ತಂದೆಯ ಮೇಲೆ ಆಣೆ ಇಟ್ಟ.

ನಮ್ಮಲ್ಲಿ ಆಣೆ ಎಂದರೆ ತಾಯಿಯ ಹೆಸರಿನ ಮೇಲೆ. ನಾವು ತಾಯಿಯ ಹೆಸರು ಹೊತ್ತವರು, ಆಸ್ತಿ ಅವಳಿಂದ, ಕುಲ ಅವಳಿಂದ. ತಂದೆಯಾಣೆ ಎಂದರೆ ಜೂಜಿನ ಕಟ್ಟೆಯಲ್ಲಿ ಹುಡುಗರು ಆಡುವ ಮಾತು. ಪಾರಸೀಕರಲ್ಲಿ ಹಾಗೆ ನಡೆಯುತ್ತದಂತೆ, ಇಯಮರನೂ ದೊರೆಯ ಜೊತೆ ಸ್ಪರ್ದಕ್ಕೆ ಹೋಗಿ ಬಂದವನು. ಆದರೆ ಬಂದರಿನಲ್ಲಿ ನಿಂತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು.

"ಯಜಮಾನ್ರೆ, ನಿಮ್ಮವ್ವನ ಹೆಸರು ಹೇಳಿ ಆಣೆ ಇಡಿ," ಎಂದಳಂತೆ ಮೆರಿಮವ. "ನಾನು ಉಳಿ ಕೆಳಗಿಡ್ತೀನಿ."

ಇಯಮರ ಬಾಯಿ ಬಿಡಲಿಲ್ಲ. ಆತನ ತಾಯಿ ಪುಬಿಯೆಲೆ, ಮೇಲಿನ ಬೀದಿಯಲ್ಲಿ ಇವತ್ತಿಗೂ ಹಳೆಯ ಸ್ಪಂಜು ಮಾರುವ ಮುದುಕಿ. ಮಗ ಷರಾಯಿ ತೊಟ್ಟ ಮೇಲೆ ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದಾನೆ ಎಂದು ಎಲ್ಲರಿಗೂ ಗೊತ್ತು. ನಾಚಿಕೆಯಿಂದ ಸುಮ್ಮನಾದನೋ, ಸುಳ್ಳಾಣೆಗೆ ಹೆದರಿ ಸುಮ್ಮನಾದನೋ? ಮೆರಿಮವ ಎರಡನೆಯದೇ ಎಂದುಕೊಂಡಳು. ಅಲ್ಲಿದ್ದ ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು.

ಆಕೆ ನಾಣ್ಯವನ್ನು ಕಲ್ಲಿನ ಮೇಲಿಟ್ಟು ದೇವಿಯ ಬದಿ ನೋಡಿದಳು, ತಿರುಗಿಸಿ ದೊರೆಯ ಬದಿ ನೋಡಿದಳು. ದೊರೆಯ ಕೆನ್ನೆಯ ಮೇಲೆ, ಟೊಪ್ಪಿಗೆಯ ಪಟ್ಟಿ ಹಾದುಹೋಗುವ ಜಾಗದ ಹತ್ತಿರ ಉಳಿ ಇಟ್ಟು ಒಂದೇ ಏಟು ಹಾಕಿದಳು. ಬಗ್ಗಿ ನೋಡಿದಳು. ತುಂಬಾ ಹೊತ್ತು ನೋಡಿದಳು ಎಂದು ಹೇಳುವವರಿದ್ದಾರೆ. ಆಮೇಲೆ "ಬಿಳಿ" ಎಂದಳು. ಎಂದವಳೇ ಚೀಲದೊಳಗೆ ಮೊಣಕೈಯವರೆಗೆ ಕೈ ಹಾಕಿ ತಳದಿಂದ ತಾನೇ ಒಂದು ಆರಿಸಿ ಅದನ್ನೂ ಸೀಳಿದಳು. ಅದೂ ಬಿಳಿ.

ಬೆಳ್ಳಿ ಶುದ್ಧವಾಗಿದ್ದದ್ದೇ ಆಕೆಯ ಕುತ್ತಿಗೆಗೆ ಬಂತು. ಒಳಗೆ ತಾಮ್ರ ಇದ್ದಿದ್ದರೆ ಊರೇ ಆಕೆಯ ಬೆನ್ನಿಗೆ ನಿಲ್ಲುತ್ತಿತ್ತು, ಕಳ್ಳತನ ಹಿಡಿದ ಕೈಯನ್ನು ಕಡಿಯುವ ಧೈರ್ಯ ಯಾವ ದೊರೆಗೂ ಬರುತ್ತಿರಲಿಲ್ಲ. ಶುದ್ಧ ಬೆಳ್ಳಿಯ ಮೇಲಿನ ಗಾಯ ಬರೀ ಅವಮಾನ. ಇಯಮರ ಅದನ್ನೇ ಹೇಳಿ, ಚೀಲ ಕಟ್ಟಿಕೊಂಡು ಕೋಟೆಗೆ ಹತ್ತಿದ. ಆದರೆ ಮತ್ತನ್ ಕಚ್ಚು ಬಿದ್ದ ಆ ಎರಡು ನಾಣ್ಯಕ್ಕೆ ಬರುವಷ್ಟೇ ಗೋಧಿ ಇಳಿಸಿ ಸುಮ್ಮನೆ ಕೂತ. ಉಳಿದ ಚೀಲಕ್ಕೂ ಇವಳೇ ಕಚ್ಚು ಹಾಕಲಿ, ಇಲ್ಲದಿದ್ದರೆ ಬೇಡ ಎಂದ. ಆಮೇಲೆ ಬಂದ ಹಡಗಿನವರೂ ಅದೇ ರಾಗ ಹಾಡಿದರು. ಈಗ ಬಂದರಿನ ತುಂಬ ಹಡಗು, ಕಟ್ಟೆಯ ಮೇಲೆ ಒಂದು ಮೂಟೆಯೂ ಇಲ್ಲ.

ಇಷ್ಟರ ಮೇಲೆ ಊರ ಬಾಯಿ ಸುಮ್ಮನಿರುತ್ತದೆಯೇ? ಮೆರಿಮವ ಮತ್ತನ್‌ನಿಂದ ಲಂಚ ತಿಂದಿದ್ದಾಳೆ, ದೊರೆಯ ಬೆಳ್ಳಿಗೆ ಬೆಲೆ ಇಳಿಸುವ ಸಂಚು ಎಂದು ಒಂದು ಗುಂಪು. ಇಲ್ಲ, ಇಯಮರನೇ ಒಳ್ಳೆಯ ನಾಣ್ಯ ಮಾತ್ರ ತಂದಿದ್ದ, ಅವಳು ಅವನ ಕಡೆಯವಳು ಎಂದು ಇನ್ನೊಂದು. ಎರಡನೆಯ ಗುಂಪಿಗೆ ಸಾಕ್ಷಿಯೂ ಸಿಕ್ಕಿತ್ತು. ಆಕೆಯ ಹಿತ್ತಿಲಿನಲ್ಲಿ ಕರಿ ಕಿವಿಯ ಒಂದು ಹಾಲಿನ ಮೇಕೆ. ಅದು ಪುಬಿಯೆಲೆಯ ಮೇಕೆ, ಅಂದರೆ ಇಯಮರನ ತಾಯಿಯದು. ನಾನು ಆ ಮೇಕೆಯನ್ನು ಕಣ್ಣಾರೆ ಕಂಡೆ, ಕಂಡು ಒಳಗೊಳಗೇ ಸಿಕ್ಕಿಬಿದ್ದಳು ಎಂದುಕೊಂಡೆ.

ನೇರವಾಗಿಯೇ ಕೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಆ ಮುದುಕಿ ಕೈಲಿ ಮೇಕೆ ಹಿಡಿಯಕ್ಕಾಗಲ್ಲ. ಮಗ ಅದನ್ನ ಮನೆಗೆ ಸೇರಿಸಲ್ಲ, ವಾಸನೆ ಅಂತಾನೆ. ಮೇಕೆ ನನ್ನ ಹತ್ರ, ಹಾಲು ಅವಳಿಗೆ. ನಂಬಬೇಡ, ಹೋಗಿ ಕೇಳು."

ಹೋಗಿ ಕೇಳಿದೆ. ಪುಬಿಯೆಲೆ ಹೌದೆಂದಳು. ಹಾಲಿನಲ್ಲಿ ನೀರು ಬೆರೆಸಿಲ್ಲ ತಾನೇ ಎಂದು ನನ್ನನ್ನೇ ಕೇಳಿದಳು. ಮೇಕೆ ಮೆರಿಮವಳ ಹಿತ್ತಿಲಿಗೆ ಬಂದದ್ದು ಹೊಸ ನಾಣ್ಯಕ್ಕಿಂತ ಒಂದು ಚಳಿಗಾಲ ಮೊದಲು ಎಂದು ಎದುರು ಮನೆಯವರೂ ಹೇಳಿದರು. ನನ್ನ ಅನುಮಾನಕ್ಕೆ ಒಂದು ಕಾಲು ಮುರಿಯಿತು, ಇನ್ನೊಂದು ಇನ್ನೂ ಕುಂಟುತ್ತಿತ್ತು. ತಿರುಗಿ ಬಂದು ಕೊನೆಯ ಪ್ರಶ್ನೆ ಕೇಳಿದೆ. ಸೀಳಿನೊಳಗೆ ಮೊದಲು ನೋಡುವವಳು ನೀನು, ನಿನ್ನ ಮಾತಿನ ಮೇಲೆ ಯಾರೂ ಮಾತಾಡುವುದಿಲ್ಲ, ನಾಣ್ಯ ನೇರ ಬಾಗಿಲಿಗೆ ಹೋಗಿ ಮೊಳೆ ಹೊಡೆಸಿಕೊಳ್ಳುತ್ತದೆ. ಕೆಂಪು ಎಂದು ಬಿಟ್ಟಿದ್ದರೆ ಕೈ ಉಳಿಯುತ್ತಿತ್ತಲ್ಲ?

"ಯೋಚ್ನೆ ಬಂತು," ಎಂದಳು. "ಸುಳ್ಳು ಹೇಳಲ್ಲ ತಮ್ಮ, ಆವತ್ತು ಬಂತು. ತಾಮ್ರ ಇರ್ಲಿ ತಾಯಿ ಅಂತ ಮಲಿಯಾಗೆ ಬೇಡ್ಕೊಂಡೇ ಬಗ್ಗಿದ್ದು. ಬಿಳಿ ಇತ್ತು. ಬಿಳಿ ಅಂದೆ."

ಹಾಗಾದರೆ ಈಗ ದೊರೆಯ ನಾಣ್ಯದ ಮೇಲೆ ನಂಬಿಕೆ ಬಂತೇ ಎಂದು ಕೇಳಿದ್ದಕ್ಕೆ, ಎರಡು ನೋಡಿದ್ದೀನಿ, ಮಿಕ್ಕಿದ್ದು ನಾನು ಕಾಣೆ ಎಂದಳು. ಈ ಹೆಂಗಸನ್ನು ಮೆಚ್ಚಬೇಕೋ ಬಯ್ಯಬೇಕೋ ನನಗೆ ಅರ್ಥವಾಗಲಿಲ್ಲ. ಕೈ ಹೋಗುವ ಹೊತ್ತಿನಲ್ಲಿಯೂ ಅನುಮಾನ ಬಿಡುವುದಿಲ್ಲ ಎಂದರೆ ಅದು ಗುಣವೋ ರೋಗವೋ?

ಬಿಸಿಲು ಏರುತ್ತಿದೆ. ಸ್ಪಂಜಿಗೆ ಮುಳುಗಲು ಹೋಗಬೇಕಾಗಿದ್ದ ಇಬ್ಬರು ಮಕ್ಕಳೂ ಇವತ್ತು ದೋಣಿ ಇಳಿಸಿಲ್ಲ, ತಾಯಿಯ ಹಿಂದೆ ಗೋಡೆಗೆ ಒರಗಿ ನಿಂತಿದ್ದಾರೆ. ದೊಡ್ಡವನ ಕೈಯಲ್ಲಿ ಎಣ್ಣೆಯ ಬಟ್ಟೆ, ಕಟ್ಟು ಕಟ್ಟಲಿಕ್ಕೆ. ಆಕೆ ಅದನ್ನು ನೋಡಿ ಮುಖ ತಿರುಗಿಸುತ್ತಾಳೆ. ರೊಟ್ಟಿಯವಳು ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂರುತ್ತಾಳೆ. ಈ ನಡುವೆಯೂ ಒಬ್ಬ ಬೆಸ್ತ ಎರಡು ಹಳೆಯ ಹಂದಿ ನಾಣ್ಯ ತರುತ್ತಾನೆ. ಮೆರಿಮವ ಎರಡಕ್ಕೂ ಕಚ್ಚು ಹಾಕಿ, ಒಂದಕ್ಕೆ ಬಿಳಿ, ಒಂದಕ್ಕೆ ಕೆಂಪು ಎನ್ನುತ್ತಾಳೆ. ಇವತ್ತಾದರೂ ಬಿಡು ಅಕ್ಕ ಎಂದು ಬೆಸ್ತ ಅಂಗಲಾಚುತ್ತಾನೆ. ಆಕೆ ಸುತ್ತಿಗೆಯಿಂದ ಬಾಗಿಲ ಕಡೆ ತೋರಿಸುತ್ತಾಳೆ.

ದೊರೆ ಬರುತ್ತಾರೆ. ಕುದುರೆಯ ಮೇಲೆ, ಟೊಪ್ಪಿಗೆಯಲ್ಲಿ. ಜನ ಮೂಗನ್ನೇ ನೋಡುತ್ತಿದ್ದಾರೆ, ನಾಣ್ಯ ಸುಳ್ಳು ಹೇಳಿಲ್ಲ. ಜೊತೆಯಲ್ಲಿ ಇಯಮರ, ಅವನ ಕೈಯಲ್ಲಿ ಅದೇ ಚೀಲ. ಮತ್ತನ್ ಮುಂದೆ ಬಂದು ತಗ್ಗಿ ನಮಸ್ಕರಿಸಿ, ತನ್ನ ಮತ್ತು ಇತರ ಹಡಗಿನವರ ಮಾತು ಹೇಳುತ್ತಾನೆ. ಆಕೆಯ ಕೈ ಹೋದರೆ ನಾಳೆಯ ಗಾಳಿಗೆ ಹಾಯಿ ಬಿಚ್ಚುತ್ತೇವೆ ಎನ್ನುತ್ತಾನೆ. ಬಲು ನಯವಾಗಿ ಹೇಳುತ್ತಾನೆ, ನನಗೆ ಅವನ ನಯದ ಮೇಲೂ ಅನುಮಾನ. ದೊರೆ ಕುದುರೆಯಿಂದ ಇಳಿದು ಕಲ್ಲಿನ ಮುಂದೆ ಬಂದು ನಿಲ್ಲುತ್ತಾರೆ. ಮೆರಿಮವ ಎದ್ದು ನಿಲ್ಲುತ್ತಾಳೆ. ದೇವಿಯ ಮುಖ ಇತ್ತಲ್ಲ, ನನ್ನದೇ ಯಾಕೆ ಎಂದು ದೊರೆ ಕೇಳುತ್ತಾರೆ.

"ಬೆಳ್ಳಿ ನಿಮ್ದು ದೊರೆ. ದೇವೀದಲ್ಲ. ಕೇಳೋದಿದ್ರೆ ನಿಮ್ಮನ್ನೇ ಕೇಳ್ಬೇಕು."

ಆಕೆ ನಿಲ್ಲಿಸುವುದಿಲ್ಲ. ಮಹಾರಾಜನ ನಾಣ್ಯವೂ ಈ ಕಲ್ಲಿನ ಮೇಲೆ ಬರುತ್ತದೆ, ಬಿಲ್ಲು ಹಿಡಿದು ಓಡುವ ರಾಜ ಒಂದು ಕಡೆ, ಇನ್ನೊಂದು ಕಡೆ ಬರೀ ಗುಳಿ ಎನ್ನುತ್ತಾಳೆ. ಅಷ್ಟು ದೊಡ್ಡವನೇ ಉಳಿಗೆಂದು ಬೆನ್ನು ಬಿಟ್ಟುಕೊಟ್ಟಿದ್ದಾನೆ, ನೀವು ಯಾಕೆ ಬಿಡಲಿಲ್ಲ ಎಂದು ಕೇಳುತ್ತಾಳೆ. ಹಿಂದೆ ನಿಂತ ಮಗ ಅವ್ವಾ ಎಂದು ಮೆಲ್ಲಗೆ ಎಚ್ಚರಿಸುತ್ತಾನೆ. ದೊರೆಯ ಮುಖ ಮೊದಲು ಕೆಂಪಗಾಗಿ ಆಮೇಲೆ ಶಾಂತವಾಗುತ್ತದೆ. ನನಗೆ ಶಾಂತವಾದದ್ದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಕೊನೆಗೆ ದೊರೆ ತೀರ್ಪು ಹೇಳುತ್ತಾರೆ. ಕೈ ಇರಲಿ. ಇವತ್ತಿನಿಂದ ನನ್ನ ಕೆನ್ನೆಯ ಮೇಲೆ ಇವಳು ಉಳಿ ಇಡಬಹುದು, ಬೇರೆ ಯಾರೂ ಇಡಕೂಡದು. ಆದರೆ ನನ್ನ ಒಳಗನ್ನು ಅನುಮಾನಿಸಿದ ಕೈಯ ಒಳಗೆ ಏನಿದೆ ಎಂದು ನಾನೂ ನೋಡಬೇಕು. ಅದೇ ಉಳಿ, ಅದೇ ಕಲ್ಲು, ಒಂದೇ ಏಟು.

ರೊಟ್ಟಿಯವಳು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾಳೆ. ಮೆರಿಮವ ಕೂತು, ಎಡಗೈಯನ್ನು ಅಂಗೈ ಮೇಲಾಗಿ ಕಲ್ಲಿನ ಮೇಲೆ ಇಡುತ್ತಾಳೆ. ದೊರೆ ಸುತ್ತಿಗೆ ಎತ್ತಿಕೊಳ್ಳುತ್ತಾರೆ. ಉಳಿ ಹಿಡಿಯುವಂತೆ ಇಯಮರನಿಗೆ ಸನ್ನೆ ಮಾಡುತ್ತಾರೆ. ಇಯಮರ ಹೆಬ್ಬೆರಳ ಬುಡದ ದಪ್ಪ ಮಾಂಸದ ಮೇಲೆ ಉಳಿ ಇಡುತ್ತಾನೆ. ಉಳಿಯ ಮೊನೆ ಜಾರಿ ಜಾರಿ ಬೀಳುತ್ತದೆ.

"ಓರೆ ಹಿಡೀಬೇಡಿ ಯಜಮಾನ್ರೆ," ಎನ್ನುತ್ತಾಳೆ ಮೆರಿಮವ. "ನೆಟ್ಟಗೆ ಹಿಡೀರಿ. ಓರೆ ಬಿದ್ರೆ ಒಳಗಿಂದು ಕಾಣಲ್ಲ."

ಇಯಮರ ನೆಟ್ಟಗೆ ಹಿಡಿಯುತ್ತಾನೆ. ಸುತ್ತಿಗೆ ಬೀಳುತ್ತದೆ. ಆಕೆ ಕಿರುಚುವುದಿಲ್ಲ, ಕಾಲಬೆರಳು ಮಾತ್ರ ಮಣ್ಣಿನಲ್ಲಿ ಹೂತುಹೋಗುತ್ತವೆ. ಮಗ ಬಟ್ಟೆ ಹಿಡಿದು ಮುಂದೆ ಬರುತ್ತಾನೆ, ದೊರೆ ತಡೆಯುತ್ತಾರೆ. ಬಂದರಿನಲ್ಲಿ ಎಲ್ಲರೂ ದಿನಾ ಆಕೆಯನ್ನು ಕೇಳುವ ಪ್ರಶ್ನೆಯನ್ನೇ ದೊರೆ ಕೇಳುತ್ತಾರೆ. ಒಳಗೇನಿದೆ?

ಮೆರಿಮವ ಕೈಯನ್ನು ಬಿಸಿಲಿಗೆ ತಿರುಗಿಸಿ, ನಾಣ್ಯ ನೋಡುವಂತೆಯೇ ಬಗ್ಗಿ, ಗಾಯದೊಳಗೆ ನೋಡುತ್ತಾಳೆ.

"ಕೆಂಪು," ಎನ್ನುತ್ತಾಳೆ.

ಆಮೇಲೆ ತಲೆ ಎತ್ತಿ ದೊರೆಯನ್ನು ನೋಡುತ್ತಾಳೆ, ಇಯಮರನನ್ನು ನೋಡುತ್ತಾಳೆ, ಮತ್ತನ್‌ನನ್ನೂ ನನ್ನನ್ನೂ ನೋಡುತ್ತಾಳೆ.

"ಎಲ್ಲಾರ್ದೂ ಕೆಂಪೇ ದೊರೆ. ಅದಕ್ಕೇ ನಾಣ್ಯನಾದ್ರೂ ಬಿಳಿ ಇರ್ಲಿ ಅಂತ ನಾನಿಲ್ಲಿ ಕೂತಿರೋದು. ಆ ಚೀಲ ಇತ್ಲಾಗೆ ಕೊಡಿ."